ಒದೆಯದ ತೋಟೆ

ಬಹಳ ಹಿಂದಿನ ಮಾತು. ಕೋವಿಗೂ ಹೂವು ಮುಡಿಸುವ ಒಂದು ನಾಡಿತ್ತಂತೆ. ಆ ನಾಡಿನ ಒಂದು ಮನೆಯಲ್ಲಿ ಸೊಸೆಯ ಹೆಗಲು ಮುರಿದಿತ್ತಂತೆ. ಮುರಿದ ಹೆಗಲಿಗಾಗಿ ಅವಳ ಮಾವ ಒಂದು ತೋಟೆಯ ಕನಸು ಕಂಡರಂತೆ. ಅಷ್ಟು ಆಸೆಯಿಂದ ಕನಸು ಕಂಡ ಮೇಲೆ ಅದು ಹುಟ್ಟದೆ ಇರುತ್ತದೆಯೆ? ಹುಟ್ಟಿತು. ಅದು ನಾನು.

ತೋಟೆ ಎಂದರೆ ಕೋವಿಗೆ ಉಣಿಸುವ ತುತ್ತು. ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ನಡುವೆ ಮದ್ದು, ಬಾಯಲ್ಲಿ ಸೀಸದ ಗುಂಡು. ಇವನ್ನೆಲ್ಲ ಒಟ್ಟಿಗೆ ಹಿಡಿದುಕೊಂಡಿರುವ ಹಿತ್ತಾಳೆಯ ಚಿಪ್ಪು ನಾನು. ಕೋವಿ ಹಾರಿದಾಗ ಕೇಪು ಉರಿದುಹೋಗುತ್ತದೆ, ಮದ್ದು ಹೊಗೆಯಾಗುತ್ತದೆ, ಗುಂಡು ಹೊರಟುಹೋಗುತ್ತದೆ. ಉಳಿಯುವವಳು ನಾನೊಬ್ಬಳೇ. ನನ್ನನ್ನು ಮತ್ತೆ ತುಂಬಿಸಬಹುದು, ಮತ್ತೆ ಹಾರಿಸಬಹುದು. ಆದರೆ ಒಂದು ಕೊರಗು ಉಂಟು. ಗುಂಡು ಎಲ್ಲಿಗೆ ಹೋಯಿತು, ಯಾರನ್ನು ಮುಟ್ಟಿತು ಎಂದು ನಾನು ಯಾವತ್ತೂ ಕಂಡವಳಲ್ಲ. ಕತ್ತಲೆಯ ನಳಿಗೆಯೊಳಗೆ ಕೂತು, ಹೊರಗಿನವರ ದನಿ ಕೇಳಿ, ಹೀಗಾಗಿರಬೇಕು ಎಂದು ಊಹಿಸಿಕೊಳ್ಳಬೇಕು. ಆದ್ದರಿಂದ ನಾನು ಹೇಳುವ ಕಥೆಯಲ್ಲಿ ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು.

ನನ್ನ ಮೊದಲ ಹುಟ್ಟು ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ. ಹಿತ್ತಾಳೆಯ ತಗಡಿನಿಂದ ಒಂದು ಬಿಲ್ಲೆಯಾಗಿ ಹೊರಬಿದ್ದೆ. ಬಿಲ್ಲೆಯನ್ನು ಒತ್ತಿ ಬಟ್ಟಲು ಮಾಡಿದರು, ಬಟ್ಟಲನ್ನು ಎಳೆದು ಲೋಟ ಮಾಡಿದರು, ಲೋಟವನ್ನು ಇನ್ನಷ್ಟು ಎಳೆದು ಉದ್ದನೆಯ ಕೊಳವೆ ಮಾಡಿದರು. ದೊಡ್ಡ ಬೇಟೆಯ ಕೋವಿಗೆಂದು ಮಾಡಿದ ದಪ್ಪನೆಯ ತೋಟೆ ನಾನಾಗ. ಅಕ್ಕತಂಗಿಯರ ಜೊತೆ ಡಬ್ಬಿಯಲ್ಲಿ ಒತ್ತಿಕೊಂಡು ಹಡಗು ಹತ್ತಿ ಬಂದು, ಕೊಡಗಿನ ಬೊಳ್ಳಿಮೊಟ್ಟೆ ಎಂಬ ಊರಿನ ಕಾಫಿತೋಟದ ಬಿಳಿ ದೊರೆಯ ಬಂಗಲೆ ಸೇರಿದೆ. ದೊರೆ ನನ್ನನ್ನು ಒಂದೇ ಒಂದು ಸಲ ಹಾರಿಸಿದ. ಹಾರಿಸಿದ ಮೇಲೆ ತನ್ನ ಭಾಷೆಯಲ್ಲಿ 'ಥೂ' ಎನ್ನುವಂಥ ಏನೋ ಒಂದು ಮಾತು ಆಡಿದ. ಗುರಿ ತಪ್ಪಿತೆಂದು ಅಷ್ಟರಿಂದ ತಿಳಿದುಕೊಂಡೆ.

ಆಮೇಲೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಕೆಲವು ವರ್ಷ ಕಳೆದು ದೊರೆ ತೋಟ ಮಾರಿ ಹೊರಟ. ಹೊರಡುವಾಗ ಖಾಲಿ ಚಿಪ್ಪುಗಳಿದ್ದ ಡಬ್ಬಿಯನ್ನು, ತನ್ನ ಕೋವಿಗಳನ್ನು ಸರಿಮಾಡಿಕೊಡುತ್ತಿದ್ದ ಪಳಂಗಪ್ಪನವರಿಗೆ ಕೊಟ್ಟುಹೋದ.

ಪಳಂಗಪ್ಪನವರು ಸೈನ್ಯದಲ್ಲಿ ಕೋವಿ ರಿಪೇರಿಯ ಕೆಲಸದಲ್ಲಿದ್ದವರು. ಪಿಂಚಣಿಯಾದ ಮೇಲೆ ಸರ್ಕಾರದ ಪರವಾನಗಿ ಪಡೆದು, ಮನೆಯ ಹಿಂದಿನ ಹಳೆಯ ಕೊಟ್ಟಿಗೆಯಲ್ಲಿ ಲೋಹ ಕಡೆಯುವ ಒಂದು ಲೇತು ಇಟ್ಟುಕೊಂಡಿದ್ದರು. ಎಮ್ಮೆ ಕಟ್ಟುತ್ತಿದ್ದ ಗೂಟಕ್ಕೆ ಈಗ ಅವರ ಏಪ್ರನ್ನು ನೇತಾಡುತ್ತಿತ್ತು. ಡಬ್ಬಿ ಹಿಡಿದುಕೊಂಡು ಅವರು ಅಂಗಳಕ್ಕೆ ಬಂದಾಗ, ಹೆಂಡತಿ ಬೋಜಮ್ಮ ಮುಚ್ಚಳ ತೆಗೆದು ನೋಡಿ, ಊರು ಬಿಟ್ಟು ಹೋಗುವವನು ಗಾಳಿ ತುಂಬಿಸಿ ಕೊಟ್ಟನಾ ಎಂದು ಕೇಳಿದರು. ಪಳಂಗಪ್ಪನವರು ನಕ್ಕು ನಮ್ಮನ್ನು ಕೊಟ್ಟಿಗೆಯ ಅಟ್ಟದ ಮೇಲಿಟ್ಟರು. ಅಲ್ಲಿ ನಾವು ಬಹಳ ಕಾಲ ಸುಮ್ಮನೆ ಮಲಗಿದ್ದೆವು. ಜೇಡ ಬಂದು ನನ್ನ ಬಾಯಿಗೆ ಬಲೆ ಕಟ್ಟಿತು. ನನ್ನ ಬದುಕು ಇಷ್ಟೇ ಇರಬೇಕು ಅಂದುಕೊಂಡಿದ್ದೆ.

ನಮ್ಮನ್ನು ಎಬ್ಬಿಸಿದ್ದು ದೇಚಮ್ಮನ ಹೆಗಲು.

ದೇಚಮ್ಮ ಆ ಮನೆಯ ಸೊಸೆ. ಗಂಡ ಅಪ್ಪಚ್ಚು ಗಡಿಯಲ್ಲಿ ಸಿಪಾಯಿ. ರಜೆ ಸಿಕ್ಕಿದಾಗ ಬರುವುದು, ಮುಗಿದಾಗ ಹೋಗುವುದು. ಅವಳು ಈ ಮನೆಗೆ ಬಂದ ಮೊದಲ ವರ್ಷವೇ ಒಂದು ಸಂಗತಿ ನಡೆದಿತ್ತು. ಅದನ್ನು ಹೇಳಬೇಕಾದರೆ ಕೈಲ್‌ಪೊಳ್ದ್ ಎಂದರೇನೆಂದು ಹೇಳಬೇಕು. ಅದು ಕೊಡವರ ಆಯುಧದ ಹಬ್ಬ. ಗದ್ದೆ ನಾಟಿ ಮುಗಿದ ಮೇಲೆ ಬರುತ್ತದೆ. ಮನೆಯ ಕೋವಿಗಳನ್ನು ತೊಳೆದು, ಒರೆಸಿ, ಗಂಧ ಹಚ್ಚಿ, ತೋಕ್‌ಪೂ ಎಂಬ ಬೆಂಕಿಬಣ್ಣದ ಹೂವು ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಊರವರೆಲ್ಲ ಮಂದ್ ಎಂಬ ಬಯಲಿನಲ್ಲಿ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಬೊಳ್ಳಿಮೊಟ್ಟೆಯವರು ಕಾಯಿಯನ್ನು ಹತ್ತಿರ ಕಟ್ಟುವವರಲ್ಲ. ಗದ್ದೆಬಯಲಿನ ಆಚೆ ಬದಿ, ಗುಡ್ಡದ ಬುಡದ ಒಂಟಿ ಹಲಸಿನ ಮರಕ್ಕೆ ಕಟ್ಟುತ್ತಾರೆ. ಸಣ್ಣ ಕೋವಿಯ ಗುಂಡು ಅಲ್ಲಿಗೆ ತಲುಪುವಷ್ಟರಲ್ಲಿ ಬಯಲಿನ ಗಾಳಿಗೆ ದಾರಿ ತಪ್ಪಿರುತ್ತದೆ. ಒಂದು ಮನೆಗೆ ಒಬ್ಬರು, ಒಬ್ಬರಿಗೆ ಒಂದು ಗುಂಡು. ಊರ ಹಿರಿಯರಾದ ತಕ್ಕರು ಹೆಸರು ಹಿಡಿದು ಕರೆಯುತ್ತಾರೆ.

ಮದುವೆಯಾದ ವರ್ಷ, ಮನೆಯಂಗಳದಲ್ಲಿ ತಮಾಷೆಗೆಂದು ನಡೆದ ಪಂದ್ಯದಲ್ಲಿ ದೇಚಮ್ಮ ಮಾವನನ್ನು ಸೋಲಿಸಿದಳು. ಪಳಂಗಪ್ಪನವರು ಕೋವಿಯನ್ನು ಅವಳ ಕೈಗಿತ್ತು, ಇನ್ನು ಮಂದ್‌ನಲ್ಲಿ ಈ ಮನೆಯ ಹೆಸರು ನಿನ್ನದು ಎಂದುಬಿಟ್ಟರು. ಅಂದಿನಿಂದ ತಕ್ಕರು ಆ ಮನೆಯ ಸರದಿ ಬಂದಾಗ ದೇಚಮ್ಮ ಎಂದೇ ಕರೆಯುತ್ತಿದ್ದರು. ಅವಳು ಹೊಡೆಯುವುದನ್ನು ನೋಡಲಿಕ್ಕೆಂದೇ ಪಕ್ಕದೂರಿನಿಂದ ಜನ ಬರುತ್ತಿದ್ದರಂತೆ.

ಹಾಗಿರುವಾಗ ಒಂದು ದಿನ ಸಂತೆಯಿಂದ ಬರುವಾಗ ತಿರುವಿನಲ್ಲಿ ಜೀಪು ಮಗುಚಿತು. ಓಡಿಸುತ್ತಿದ್ದವರು ಪಳಂಗಪ್ಪನವರೇ. ಅವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಸೊಸೆಯ ಬಲ ಹೆಗಲಿನ ಮೂಳೆ ಮುರಿಯಿತು.

ಮೂಳೆ ಕೂಡಿತು. ಮಡಿಕೇರಿಯ ಡಾಕ್ಟರು ಪಟ್ಟಿ ಬಿಚ್ಚುತ್ತಾ, ಅಡುಗೆ ಮಾಡಬಹುದು, ನೀರು ಸೇದಬಹುದು, ಆದರೆ ಕೋವಿಯ ಒದೆತ ಮಾತ್ರ ಈ ಹೆಗಲು ತಾಳದು ಎಂದರು. ಎಷ್ಟು ಒದೆತ ತಾಳುತ್ತದೆ ಎಂದು ದೇಚಮ್ಮ ಕೇಳಿದಳಂತೆ. ಡಾಕ್ಟರಿಗೆ ನಗು ಬಂತು. ಎತ್ತಿಕೊಂಡ ಮಗು ಕಾಲು ಝಾಡಿಸಿದಷ್ಟು ಒದೆತ ತಾಳೀತು, ಅದಕ್ಕಿಂತ ಹೆಚ್ಚು ಬೇಡ ಎಂದರಂತೆ. ಎಡ ಹೆಗಲಿಗೆ ಕೋವಿ ಹಿಡಿದು ನೋಡಿದಳು. ಎಡಗಣ್ಣು ಅವಳ ಮಾತು ಕೇಳಲಿಲ್ಲ.

ಆ ವರ್ಷದ ಕೈಲ್‌ಪೊಳ್ದ್‌ನಲ್ಲಿ ಆ ಮನೆಯಿಂದ ಯಾರೂ ಕೋವಿ ಎತ್ತಲಿಲ್ಲ. ಪಳಂಗಪ್ಪನವರು ತಾವೇ ಹೊಡೆಯಬಹುದಿತ್ತು. ಸೊಸೆಯ ಹೆಸರು ಕರೆದಾಗ ತಾನು ಎದ್ದು ಹೋಗಲಾರೆ ಎಂದರು. ಕೋವಿ ಎತ್ತದ ಮನೆಯವರು ಬೇರೆಯವರಿಗೆ ಕಾಯಿ ಕಟ್ಟಿಕೊಡಬೇಕೆಂಬುದು ಆ ಊರಿನ ರೂಢಿ. ದೇಚಮ್ಮ ಎಡಗೈಯಲ್ಲಿ ಕಾಯಿ ಎತ್ತಿ ಹಿಡಿದಳು, ಮಾವ ಹಗ್ಗ ಬಿಗಿದರು. ಇನ್ನೊಂದು ರೂಢಿಯೂ ಇತ್ತು. ಸತತ ಎರಡು ವರ್ಷ ಕೋವಿ ಎತ್ತದವರ ಹೆಸರನ್ನು ತಕ್ಕರು ಮತ್ತೆ ಕರೆಯುವುದಿಲ್ಲ. ಅವರು ಕೋವಿ ಕೆಳಗಿಟ್ಟವರು ಎಂದು ಲೆಕ್ಕ.

ದೇಚಮ್ಮ ಅಳಲಿಲ್ಲ. ಆದರೆ ಕೋವಿ ತೂಗುಹಾಕಿದ್ದ ಗೋಡೆಯ ಮುಂದೆ ಹಾದುಹೋಗುವುದನ್ನು ಬಿಟ್ಟಳಂತೆ. ಹಿತ್ತಲಿಗೆ ಹೋಗಬೇಕಾದರೂ ಅಡುಗೆಮನೆ ಸುತ್ತಿ ಹೋಗುತ್ತಿದ್ದಳಂತೆ. ಒಂದು ಬೆಳಿಗ್ಗೆ ಅವಳು ಹೀಗೆ ಸುತ್ತಿಕೊಂಡು ಹೋಗುವುದನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಪಳಂಗಪ್ಪನವರು ನೋಡಿದರು. ಕರೆದು ಕೂರಿಸಿಕೊಂಡರು. ಅವರ ಮಾತು ಅಟ್ಟದ ಮೇಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಕುಂಞಿ," ಎಂದರು. ಮಗುವೇ ಎಂದು ಅದರ ಅರ್ಥ. ತುಂಬ ಪ್ರೀತಿ ಬಂದಾಗ ಅವರು ಹಾಗೆ ಕರೆಯುತ್ತಿದ್ದರು. "ನಿನ್ನ ಹೆಗಲಿಗೆ ಗೊತ್ತೇ ಆಗದ ಹಾಗೆ ಹಾರುವ ತೋಟೆ ಮಾಡಿಕೊಡ್ತೇನೆ. ಬರುವ ಕೈಲ್‌ಪೊಳ್ದ್‌ಗೆ ನೀನೇ ಹೊಡೀತೀಯ."

"ಅಂಗಡಿಯಲ್ಲಿ ಸಿಗುತ್ತದಾ ಮಾವ ಅಂಥದ್ದು?"

"ಸಿಗುವುದಿದ್ದರೆ ನಾನು ಯಾಕೆ ಮಾಡಬೇಕು?"

ಅಂದೇ ಅಟ್ಟ ಹತ್ತಿ ಜೇಡರ ಬಲೆ ಒರೆಸಿ ನಮ್ಮನ್ನು ಕೆಳಗಿಳಿಸಿದರು.

ಕನಸು ಕಾಣುವುದು ಸುಲಭ, ಅಳತೆ ತೆಗೆಯುವುದು ಕಷ್ಟ. ಮಗುವಿನ ಒದೆತ ಎಂದರೆ ಎಷ್ಟು? ಪಳಂಗಪ್ಪನವರು ಪಕ್ಕದ ಮನೆಯ ಮಾಚಯ್ಯನಲ್ಲಿಗೆ ಹೋಗಿ, ಅವನ ಆರು ತಿಂಗಳ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಿದರಂತೆ. ಮಗು ಒದೆಯಲಿಲ್ಲ, ನಿದ್ದೆ ಹೋಯಿತು. ಎಬ್ಬಿಸಿ ಒದೆಸಿಕೊಳ್ಳಲಿಕ್ಕೆ ನೋಡಿದಾಗ ಮಾಚಯ್ಯನ ಹೆಂಡತಿ ಬಂದು ಮಗುವನ್ನು ಕಿತ್ತುಕೊಂಡಳು. ಮಾಚಯ್ಯ ಬಾಯಿಗೆ ಬೀಗವಿಲ್ಲದವನು. ಪಳಂಗಪ್ಪಣ್ಣ ಈಗ ಕೂಸುಗಳಿಂದ ಒದೆಸಿಕೊಳ್ಳುತ್ತಾ ತಿರುಗುತ್ತಿದ್ದಾರೆ ಎಂದು ಊರೆಲ್ಲ ಹೇಳಿಕೊಂಡು ಬಂದ.

ಇತ್ತ ಕೊಟ್ಟಿಗೆಯಲ್ಲಿ ನನ್ನ ಎರಡನೆಯ ಹುಟ್ಟು ಶುರುವಾಯಿತು. ಮೊದಲು ನನ್ನ ತಲೆಯ ಕಡೆಯನ್ನು ಉರಿಯಲ್ಲಿ ಕಾಯಿಸಿ ನೀರಿಗೆ ಹಾಕಿದರು. ಹಿತ್ತಾಳೆ ವಿಚಿತ್ರದ ಲೋಹ ನೋಡಿ. ಕಾಯಿಸಿ ತಣಿಸಿದರೆ ಮೆತ್ತಗಾಗುತ್ತದೆ. ಒತ್ತಿದಷ್ಟೂ ಗಡಸಾಗುತ್ತದೆ. ಗಡಸಾದ ಮೇಲೂ ಒತ್ತಿದರೆ ಸೀಳುತ್ತದೆ. ಉಕ್ಕಿನ ಅಚ್ಚಿನೊಳಗೆ ನನ್ನನ್ನು ಸ್ವಲ್ಪ ಒತ್ತುವುದು, ಮತ್ತೆ ಕಾಯಿಸುವುದು, ಇನ್ನೊಂದು ಕಿರಿದಾದ ಅಚ್ಚಿನೊಳಗೆ ಇನ್ನಷ್ಟು ಒತ್ತುವುದು. ಅಕ್ಕಪಕ್ಕದಲ್ಲಿ ನನ್ನ ಅಕ್ಕತಂಗಿಯರು ಒಬ್ಬೊಬ್ಬರಾಗಿ ಸೀಳಿಹೋದರು. ನಾನೂ ಇಬ್ಬರು ತಂಗಿಯರೂ ಹೇಗೋ ಉಳಿದೆವು. ಕೊನೆಗೆ ಕನ್ನಡಿಯಲ್ಲಿ ನೋಡಿದ್ದರೆ ನನ್ನ ಗುರುತು ನನಗೇ ಸಿಗುತ್ತಿರಲಿಲ್ಲ. ದಪ್ಪ ಕೊಳವೆಯಾಗಿದ್ದವಳಿಗೆ ಈಗ ಸಪೂರ ಕೊರಳು ಬಂದಿತ್ತು, ಕೊರಳ ಕೆಳಗೆ ನುಣುಪಾದ ಇಳಿಜಾರು ಬಂದಿತ್ತು, ಎತ್ತರ ತಗ್ಗಿತ್ತು. ನನ್ನಂಥ ತೋಟೆ ಲೋಕದಲ್ಲಿ ಮತ್ತೆಲ್ಲೂ ಇರಲಿಲ್ಲ.

ಮನೆಯ ರೈಫಲಿಗೆ ಪಳಂಗಪ್ಪನವರು ಹೊಸ ನಳಿಗೆ ಕೂರಿಸಿ, ಅದರ ಬುಡವನ್ನು ನನ್ನ ಅಳತೆಗೇ ಕೊರೆದರು. ಇನ್ನು ಆ ಕೋವಿಗೆ ನಾನಲ್ಲದೆ ಬೇರೆ ತೋಟೆ ಹಿಡಿಸದು, ನನಗೂ ಆ ಕೋವಿ ಬಿಟ್ಟರೆ ಬೇರೆ ಗತಿ ಇಲ್ಲ. ಮದುವೆಯೇ ಅನ್ನಿ.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವರ ತಲೆಯಲ್ಲಿ ಇನ್ನೊಂದು ಆಸೆ ಬಂದು ಕೂತಿತ್ತು. ಆ ಕಾಲಕ್ಕೆ ಬೇಟೆಗೆ ಕಾನೂನಿನ ತಡೆ ಇನ್ನೂ ಬಂದಿರಲಿಲ್ಲ. ಗದ್ದೆಗೆ ಹಂದಿ ನುಗ್ಗಿದರೆ ಹೊಡೆಯುವುದು, ಹೊಡೆದದ್ದನ್ನು ಮನೆಮನೆಗೆ ಪಾಲು ಹಾಕುವುದು ಅಲ್ಲಿಯ ಬದುಕಿನ ಭಾಗವಾಗಿತ್ತು. ಮನೆಗೆ ಕೋವಿ ಒಂದು, ಕೋವಿಗೆ ತೋಟೆ ಒಂದು. ಹಂದಿಗೂ ಅದೇ ಆಗಬೇಕು, ಮಂದ್‌ನ ಕಾಯಿಗೂ ಅದೇ ಆಗಬೇಕು ಎಂದುಕೊಂಡರು ಪಳಂಗಪ್ಪನವರು. ಹಂದಿಯನ್ನು ಉರುಳಿಸದ ತೋಟೆಯನ್ನು ತೋಟೆ ಎಂದು ಕರೆಯುವುದಕ್ಕೇ ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಆದ್ದರಿಂದ ನನ್ನ ಬಾಯಿಗೆ ಭಾರದ ಗುಂಡು ಕೂರಿಸಿದರು. ಭಾರದ ಗುಂಡಿಗೆ ತಕ್ಕ ಮದ್ದು ತುಂಬಿದರು.

ಬೇಸಿಗೆಯ ಕೊನೆಯಲ್ಲಿ ಒಂದು ಹಂದಿ ಉರುಳಿತು. ನಾನು ನೋಡಲಿಲ್ಲ, ಕೇಳಿದೆ. ಮಾಚಯ್ಯನೇ ಓಡಿಬಂದು, ಎಂಥ ತೋಟೆ ಮಾರಾಯರೇ ಇದು ಎಂದ. ಪಳಂಗಪ್ಪನವರು ನನ್ನನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಒದೆತ ಅವರಿಗೆ ಗೊತ್ತಾಗಿರಲಿಲ್ಲ. ಅವರ ಹೆಗಲು ಎಂದರೆ ಬೀಟೆಮರದ ತುಂಡು. ಅಲ್ಲಿಗೆ ಏನು ಬಡಿದರೂ ಸುದ್ದಿ ಒಳಗೆ ಹೋಗುವುದಿಲ್ಲ.

ಮುಂಗಾರು ಹಿಡಿಯುವ ಮೊದಲು ದೇಚಮ್ಮನ ಸರದಿ. ಗುಡ್ಡದ ಬದಿಗೆ ಒಂದು ಹಲಗೆ ನೆಟ್ಟರು. ಅವಳು ಕೋವಿ ಎತ್ತಿ ಹೆಗಲಿಗೆ ಒತ್ತಿದಾಗ, ನಳಿಗೆಯೊಳಗಿದ್ದ ನನಗೆ ಅವಳ ಉಸಿರಿನ ಸಣ್ಣ ನಡುಕ ಮರದ ಹಿಡಿಯ ಮೂಲಕ ಬಂದು ತಲುಪಿತು. ನಾನು ಹಾರಿದೆ. ಹಲಗೆಯ ನಟ್ಟನಡುವೆ ತೂತು ಬಿತ್ತಂತೆ. ಮಾವ ಓಡಿಬಂದು ಹೇಗಿದೆ ಎಂದು ಕೇಳಿದರು.

"ಚೆನ್ನಾಗಿದೆ ಮಾವ," ಎಂದಳು.

ಅಷ್ಟು ಹೇಳಿ ಕೋವಿಯನ್ನು ಎಡಗೈಗೆ ದಾಟಿಸಿಕೊಂಡಳು. ಅದನ್ನು ಅವರು ಗಮನಿಸಲಿಲ್ಲ.

ಮಾರನೆಯ ದಿನವೇ ಗದ್ದೆಯ ಕೆಲಸ ಶುರು. ಆ ಮನೆಯ ಪದ್ಧತಿ ಏನೆಂದರೆ, ಗದ್ದೆಗೆ ಇಳಿದ ದಿನ ಕೋವಿ ಕನ್ನಿಕೋಂಬರೆಗೆ ಹೋಗಬೇಕು. ಅದು ಹಿರಿಯರ ದೀಪ ಇಡುವ ಒಳಕೋಣೆ. ಒಳಗೆ ಹೋದ ಕೋವಿಯನ್ನು ಕೈಲ್‌ಪೊಳ್ದ್‌ನ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ಹೊರಗೆ ಬಂದ ಮೇಲೂ, ಹೂ ಮುಡಿದ ಕೋವಿಯ ಮೊದಲ ಗುಂಡು ಮಂದ್‌ನಲ್ಲೇ ಹಾರಬೇಕು. ಬೋಜಮ್ಮ ಕೋವಿಯನ್ನು ಒರೆಸಿ ಒಳಗಿಟ್ಟು ಬಾಗಿಲು ಎಳೆದುಕೊಂಡರು. ನಾನೂ ನನ್ನ ಉಳಿದ ಇಬ್ಬರು ತಂಗಿಯರೂ ಖಾಲಿ ಹೊಟ್ಟೆಯಲ್ಲಿ ಕೊಟ್ಟಿಗೆಯ ಕಿಟಕಿಯಲ್ಲಿ ಉಳಿದೆವು.

ಒಂದು ವಾರ ಕಳೆದಿರಬೇಕು. ದೇಚಮ್ಮ ಗದ್ದೆಯಲ್ಲಿ ಬಾಗುವಾಗ ಒಂದು ಬದಿಗೆ ವಾಲುವುದನ್ನು ಅತ್ತೆ ಕಂಡರು. ಎಣ್ಣೆ ಹಚ್ಚುತ್ತೇನೆ ಬಾ ಎಂದು ಕರೆದು ಹೆಗಲ ಮೇಲಿನ ಬಟ್ಟೆ ಸರಿಸಿದರು. ಆಮೇಲೆ ನೆಟ್ಟಗೆ ಕೊಟ್ಟಿಗೆಗೆ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಇನ್ನೂ ಎಣ್ಣೆಯಿತ್ತು.

"ಇಲ್ಲಿ ಕೇಳಿ. ನಿಮ್ಮ ತೋಟೆ ಹಂದಿಯೊಂದನ್ನೇ ಉರುಳಿಸಿದ್ದಲ್ಲ. ಅವಳ ಹೆಗಲು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ."

ಪಳಂಗಪ್ಪನವರು ಲೇತು ನಿಲ್ಲಿಸಿದರು. ಅತ್ತೆಯ ಹಿಂದೆಯೇ ಸೆರಗು ಹೊದ್ದುಕೊಂಡು ದೇಚಮ್ಮ ಬಂದಳು. ಚೆನ್ನಾಗಿದೆ ಅಂದೆಯಲ್ಲ ಎಂದು ಅವರು ಕೇಳಿದ್ದಕ್ಕೆ, ತೋಟೆ ಚೆನ್ನಾಗಿದೆ ಅಂದೆ, ಹೆಗಲಿನ ಮಾತು ನೀವು ಕೇಳಲಿಲ್ಲವಲ್ಲ ಎಂದಳು. ಇಷ್ಟು ಕಷ್ಟಪಟ್ಟು ಮಾಡಿದ್ದೀರಿ, ಆ ಒಂದು ದಿನ ಹಲ್ಲು ಕಚ್ಚಿ ಹೊಡೆದುಬಿಡುತ್ತೇನೆ ಎಂದೂ ಸೇರಿಸಿದಳು. ಹಲ್ಲು ಕಚ್ಚಿದರೆ ಮೂಳೆ ಕೇಳುತ್ತದಾ ಎಂದು ಬೋಜಮ್ಮ ಗದರಿದರು.

ಪಳಂಗಪ್ಪನವರ ಮುಖ ಜೀಪು ಮಗುಚಿದ ದಿನದ ಹಾಗೆ ಆಗಿತ್ತೆಂದು ಬೋಜಮ್ಮ ಆಮೇಲೆ ಯಾರಿಗೋ ಹೇಳುವುದನ್ನು ಕೇಳಿದ್ದೇನೆ. ಅವರು ಎದ್ದರು. ಗುಂಡು ಬದಲಿಸಬೇಕು, ಮದ್ದು ಬದಲಿಸಬೇಕು, ಹಾರಿಸಿ ಹಾರಿಸಿ ನೋಡಬೇಕು, ಕೋವಿ ಹೊರಗೆ ತೆಗೆ ಎಂದರು.

"ತೆಗೆಯುವುದಿಲ್ಲ," ಎಂದರು ಬೋಜಮ್ಮ. "ಕೋವಿ ದೀಪದ ಮುಂದೆ ಕೂತಾಗಿದೆ. ನಾನು ಈ ಮನೆಗೆ ಬಂದಾಗಿನಿಂದ ಒಮ್ಮೆಯೂ ನಡುವೆ ಎದ್ದಿಲ್ಲ."

"ನನ್ನ ಹುಚ್ಚಿಗೆ ಈ ಹುಡುಗಿಯ ಹೆಗಲು ಹೋಗಬೇಕಾ?"

"ಹುಚ್ಚು ನಿಮ್ಮದಲ್ಲವಾ? ಅದನ್ನೇ ಬಿಡಿ. ದೀಪವನ್ನು ಯಾಕೆ ಎಳೆಯುತ್ತೀರಿ?"

ಆಮೇಲೆ ಪಳಂಗಪ್ಪನವರು, ಗುಂಡು ಹಗುರ ಮಾಡಿದರೆ ಒದೆತ ಇಳಿಯುತ್ತದೆ, ಮದ್ದೂ ಕಮ್ಮಿ ಸಾಕು, ಆದರೆ ಹಂದಿ ಉರುಳುವುದಿಲ್ಲವಲ್ಲ ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡರು.

ದೇಚಮ್ಮ ಕಿಟಕಿಗೆ ಬಂದು ನನ್ನನ್ನು ಕೈಗೆತ್ತಿಕೊಂಡಳು. ಅವಳ ಬೆರಳಲ್ಲಿ ಗದ್ದೆಯ ಕೆಸರಿನ ವಾಸನೆ ಇತ್ತು.

"ಹಂದಿ ಹೊಡೆಯುತ್ತೇನೆ ಅಂತ ನಾನು ಯಾವಾಗ ಹೇಳಿದೆ ಮಾವ?" ಎಂದಳು.

ನನ್ನನ್ನು ಮಾಡುವಾಗ ಅವರು ಎಲ್ಲ ಅಳತೆಯನ್ನೂ ತೆಗೆದಿದ್ದರು. ಕೊರಳಿನದು, ಬುಡದದು, ನಳಿಗೆಯದು. ನನ್ನನ್ನು ಯಾರಿಗಾಗಿ ಮಾಡುತ್ತಿದ್ದೇನೆ ಎಂಬುದೊಂದು ನಡುವೆ ಕೈಜಾರಿತ್ತು. ಆ ಮಾತು ಕೇಳಿದ ಮೇಲೆ ಅವರು ಮತ್ತೆ ಕೂತರು. ಕೂತವರು ನಗತೊಡಗಿದರು. ಬೋಜಮ್ಮ ಎಣ್ಣೆ ಕೈಯನ್ನು ಅವರ ಏಪ್ರನ್ನಿಗೇ ಒರೆಸಿ ಹೋದರು.

ಅಂದಿನಿಂದ ಕೊಟ್ಟಿಗೆಯಲ್ಲಿ ಹಂದಿಯ ಹೆಸರು ಎತ್ತಲಿಲ್ಲ. ಅಕ್ಕಸಾಲಿಗನ ಸಣ್ಣ ತಕ್ಕಡಿ ಬಂತು, ಗುಲಗಂಜಿ ಬಂತು. ಸೀಸ ಕರಗಿಸಲು ಬೋಜಮ್ಮನ ಆಳದ ಸೌಟು ಹೇಳದೆ ಕೇಳದೆ ಬಂತು. ಆ ವಿಷಯಕ್ಕೆ ಮನೆಯಲ್ಲಿ ಎರಡು ದಿನ ಮಾತುಕತೆ ನಿಂತಿತ್ತು. ಗುಂಡನ್ನು ಒಂದು ಗುಲಗಂಜಿ ತೂಕ ಇಳಿಸುವುದು, ಕೂತು ಯೋಚಿಸುವುದು, ಇನ್ನೊಂದು ಇಳಿಸುವುದು. ಹಾರಿಸಿ ನೋಡಲಿಕ್ಕೆ ಮಾತ್ರ ದಾರಿಯಿರಲಿಲ್ಲ. ನನ್ನ ಆಕಾರಕ್ಕೆ ಹೊಂದುವ ಕೋವಿ ಲೋಕದಲ್ಲಿ ಒಂದೇ, ಅದು ದೀಪದ ಮುಂದೆ ಕೂತಿತ್ತು. ಅಳತೆ ಕಾಗದದ ಮೇಲೆ ಸರಿಬಂದಿತ್ತು. ಹಗುರ ಗುಂಡು ಆ ಬಯಲಿನ ಗಾಳಿ ದಾಟಿ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಮೇಲಕ್ಕೋ ಕೆಳಕ್ಕೋ, ಒದೆತ ನಿಜಕ್ಕೂ ಎಷ್ಟು ಇಳಿದಿದೆ, ಯಾವುದೂ ಯಾರಿಗೂ ಗೊತ್ತಿರಲಿಲ್ಲ.

ದೇಚಮ್ಮ ಸುಮ್ಮನೆ ಕೂರಲಿಲ್ಲ. ಕೋವಿ ಇಲ್ಲದಿದ್ದರೇನಂತೆ, ಒನಕೆ ಇತ್ತು. ಹೆಗಲ ನೀಲಿ ಇಳಿದ ಮೇಲೆ ಸಂಜೆ ಗದ್ದೆಯಿಂದ ಬಂದು ಕಾಲು ತೊಳೆದು, ಕೊಟ್ಟಿಗೆಯ ಮುಂದೆ ನಿಂತು, ಒನಕೆಯನ್ನು ಹೆಗಲಿಗೆ ಕೊಟ್ಟು, ಎದುರಿನ ಪಪ್ಪಾಯಿ ಮರದ ಕಾಯಿಗೆ ಗುರಿ ಹಿಡಿಯುವಳು. ಉಸಿರು ತೆಗೆದುಕೊಳ್ಳುವುದು, ಅರ್ಧ ಬಿಡುವುದು, ತಡೆಯುವುದು. ಮಾಚಯ್ಯನ ಹೆಂಡತಿ ಬೇಲಿಯಾಚೆ ನಿಂತು, ಅಕ್ಕಾ, ಪಪ್ಪಾಯಿ ಹೆದರಿಕೆಗೇ ಹಣ್ಣಾಗುತ್ತಾ ಉಂಟು, ಬಿದ್ದರೆ ನನಗೂ ಒಂದು ಹೋಳು ಕೊಡು ಎನ್ನುತ್ತಿದ್ದಳು. ಮಾಚಯ್ಯ ಬಂದರೆ ಇನ್ನೊಂದು. ಈ ವರ್ಷ ನಾನೂ ಒನಕೆ ಹಿಡಿದುಕೊಂಡೇ ಮಂದ್‌ಗೆ ಬರಬೇಕಾ ಎಂದು ಕೇಳುವನು. ದೇಚಮ್ಮ ಗುರಿಯಿಂದ ಕಣ್ಣು ತೆಗೆಯದೆ, ಬನ್ನಿ, ಕಾಯಿ ಕಟ್ಟುವವರು ನೀವೇ ಆದರೆ ಒನಕೆ ಸಾಕು ಎನ್ನುವಳು. ಬೋಜಮ್ಮನ ಭತ್ತ ಕುಟ್ಟುವ ಕೆಲಸ ಹಿಂದೆಬಿತ್ತು. ಅವರು ಅದಕ್ಕೆ ಏನೂ ಹೇಳಲಿಲ್ಲ.

ನಾಟಿ ಮುಗಿಯಿತು. ಮಳೆ ಹದಕ್ಕೆ ಬಂತು. ಕೈಲ್‌ಪೊಳ್ದ್‌ನ ಬೆಳಿಗ್ಗೆ ಕನ್ನಿಕೋಂಬರೆಯ ಬಾಗಿಲು ತೆರೆಯಿತು. ಕೋವಿಯನ್ನು ಒರೆಸಿ, ಗಂಧ ಹಚ್ಚಿ, ತೂಗುದೀಪದ ಕೆಳಗೆ ಇಟ್ಟು ತೋಕ್‌ಪೂ ಮುಡಿಸಿದರು. ಅಡುಗೆಮನೆಯಿಂದ ಕಡಂಬುಟ್ಟು ಎಂಬ ಅಕ್ಕಿಯುಂಡೆಯ ಹಬೆ ಬರುತ್ತಿತ್ತು. ಪಳಂಗಪ್ಪನವರು ಕೊಟ್ಟಿಗೆಗೆ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಬೆಳಕಿಗೆ ಹಿಡಿದು, ಕೊರಳ ಸುತ್ತ ಉಗುರು ಆಡಿಸಿ ನೋಡಿದರು. ತಂಗಿಯರಿಬ್ಬರ ಕೊರಳಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ನನ್ನಲ್ಲಿ ಇರಲಿಲ್ಲ. ನನ್ನನ್ನೇ ತುಂಬಿಸಿದರು. ಬಾಯಿಗೆ ಕೂರಿಸಿದ ಗುಂಡು ಎಷ್ಟು ಹಗುರವಾಗಿತ್ತೆಂದರೆ, ಏನನ್ನೋ ಮರೆತು ಹೊರಟಿದ್ದೇನೆ ಎನ್ನಿಸಿತು.

ಮಂದ್‌ನಲ್ಲಿ ಜನವೋ ಜನ. ನಾನು ಪಳಂಗಪ್ಪನವರ ನಿಲುವಂಗಿಯ ಜೇಬಿನಲ್ಲಿದ್ದೆ. ಅವರ ಎದೆ ಬಡಿತ ಬಿಟ್ಟರೆ ಬೇರೇನೂ ಸರಿಯಾಗಿ ಕೇಳುತ್ತಿರಲಿಲ್ಲ. ಒಂದೊಂದೇ ಹೆಸರು ಕರೆದರು. ಒಂದೊಂದೇ ಕೋವಿ ಹಾರಿತು. ಮಾಚಯ್ಯನ ಸರದಿ ಬಂದಾಗ ಹಲಸಿನ ಮರದ ಕೊಂಬೆಯೊಂದು ಮುರಿದು ಬಿತ್ತಂತೆ. ಸೌದೆಗೆ ಆಯಿತಲ್ಲ ಎಂದು ಯಾರೋ ಅಂದರು. ನಗು ಇಳಿಯುವ ಮೊದಲೇ ತಕ್ಕರ ದನಿ ಕೇಳಿತು.

"ದೇಚಮ್ಮ."

ಪಳಂಗಪ್ಪನವರು ನನ್ನನ್ನು ಹೊರತೆಗೆದು ಅವಳ ಅಂಗೈಗೆ ಇಟ್ಟರು. ಕಾಯಿಯ ಜುಟ್ಟಿಗೆ ಗುರಿ ಹಿಡಿ, ಗುಂಡು ಸ್ವಲ್ಪ ತಗ್ಗಿಯೇ ಹೋಗಬೇಕು ಎಂದರು. ಆಮೇಲೆ ದನಿ ತಗ್ಗಿಸಿ, "ಬೇಡ ಅನ್ನಿಸಿದರೆ ಹಿಂದಕ್ಕೆ ಕೊಡು ಕುಂಞಿ. ನಾನೇನೂ ಅಂದುಕೊಳ್ಳುವುದಿಲ್ಲ," ಎಂದರು.

ಅವಳು ಕೊಡಲಿಲ್ಲ. ನನ್ನನ್ನು ನಳಿಗೆಗೆ ದಾಟಿಸಿ, ಅದರ ಬುಡದ ಅಗಳಿಯಾದ ಬೋಲ್ಟು ಮುಚ್ಚಿದಳು. ಕತ್ತಲಾಯಿತು. ಮರದ ಹಿಡಿ ಅವಳ ಬಲ ಹೆಗಲಿಗೆ ತಾಗಿತು. ಉಸಿರು ತೆಗೆದುಕೊಂಡಳು. ಅರ್ಧ ಬಿಟ್ಟಳು. ತಡೆದಳು.

ಆ ಒಂದು ಗಳಿಗೆಯಲ್ಲಿ ನನಗೆ ಬಂದ ಯೋಚನೆ ಇದು. ನನ್ನನ್ನು ಮೊದಲು ಮಾಡಿದವರು ಕೊಲ್ಲಲಿಕ್ಕೆ ಮಾಡಿದರು. ಎರಡನೆಯ ಸಲ ಮಾಡಿದವರು ಹಂದಿಯೂ ಕಾಯಿಯೂ ಎರಡೂ ಬೇಕೆಂದು ಮಾಡಿದರು. ಈಗ ನನ್ನೊಳಗೆ ಇರುವುದು ಒಂದು ಹೆಗಲಿಗೆ ತಾಳುವಷ್ಟು ಮಾತ್ರ. ಇಷ್ಟು ಕಮ್ಮಿಯಾಗಿ ನಾನು ಯಾವತ್ತೂ ಇರಲಿಲ್ಲ, ಇಷ್ಟು ಸರಿಯಾಗಿಯೂ ಇರಲಿಲ್ಲ.

ಹಾರಿದೆ.

ದೊಡ್ಡ ಸದ್ದೇನೂ ಬರಲಿಲ್ಲ. ಕೊಡೆ ಬಿಚ್ಚಿದ ಹಾಗೆ ಒಂದು ಸದ್ದು, ಅಷ್ಟೆ. ಕಾಯಿ ಸಿಡಿದರೆ ಜನ ಕೂಗುತ್ತಾರೆ, ಅದು ನನಗೆ ಗೊತ್ತು. ಯಾರೂ ಕೂಗಲಿಲ್ಲ.

"ಕಾಯಿಗೆ ಸುದ್ದಿಯೇ ಮುಟ್ಟಲಿಲ್ಲ," ಎಂದ ಮಾಚಯ್ಯ. ಆದರೆ ಅವನ ದನಿಯಲ್ಲೂ ನಗು ಇರಲಿಲ್ಲ. ಯಾರೋ ಪಾಪ ಎಂದರು. ಇನ್ಯಾರೋ, ಹೆಗಲು ಹಾಗಿರುವಾಗ ಎತ್ತಿದ್ದೇ ಹೆಚ್ಚು ಎಂದರು.

ಪಳಂಗಪ್ಪನವರು ಮಾತ್ರ ಕಾಯಿಯ ಕಡೆ ನೋಡಲೇ ಇಲ್ಲವಂತೆ. ಅವರು ಸೊಸೆಯ ಹೆಗಲನ್ನೇ ನೋಡುತ್ತಿದ್ದರು. ಹತ್ತಿರ ಬಂದರು. ದೇಚಮ್ಮ ಕೋವಿಯನ್ನು ಇನ್ನೂ ಬಲ ಹೆಗಲಲ್ಲೇ ಇಟ್ಟುಕೊಂಡಿದ್ದಳು.

ಬೋಜಮ್ಮ ಎಲ್ಲರಿಗೂ ಕೇಳುವ ಹಾಗೆ, "ತಕ್ಕರೇ, ನಿಮ್ಮ ದುರ್ಬೀನು ಬರೀ ಅಲಂಕಾರಕ್ಕಾ? ಹಾಕಿ ನೋಡಿ," ಎಂದರು.

ತಕ್ಕರು ಸೈನ್ಯದಿಂದ ತಂದ ದುರ್ಬೀನು ಕಣ್ಣಿಗಿಟ್ಟರು. ನೋಡಿದರು. ತೆಗೆದು ಗಾಜು ಒರೆಸಿ ಮತ್ತೆ ನೋಡಿದರು. ಹಗುರ ಗುಂಡು ಕಾಯಿಯನ್ನು ಸಿಡಿಸುವುದಿಲ್ಲ. ಸೂಜಿಯ ಹಾಗೆ ಒಳಹೊಕ್ಕು ಆಚೆ ಹೋಗುತ್ತದೆ. ತೂತನ್ನು ನಾರು ಮುಚ್ಚಿಕೊಳ್ಳುತ್ತದೆ. ನಾರು ನೆನೆದು ಹನಿ ಕೆಳಗಿಳಿಯಲು ಹೊತ್ತು ಹಿಡಿಯುತ್ತದೆ.

"ಸೋರ್ತಾ ಉಂಟು," ಎಂದರು ತಕ್ಕರು.

ಏನು ಎಂದು ಯಾರೋ ಕೇಳಿದರು.

"ಕಾಯಿ. ನಡುಮಧ್ಯದಿಂದ ಸೋರ್ತಾ ಉಂಟು."

ಆಗ ಎದ್ದ ಕೂಗು ನಳಿಗೆಯೊಳಗಿದ್ದ ನನ್ನನ್ನೂ ನಡುಗಿಸಿತು. ಮಾಚಯ್ಯನ ದನಿ ಎಲ್ಲರಿಗಿಂತ ಮೇಲಿತ್ತು. ನೋಡಲಿಕ್ಕೆಂದು ಅವನು ಗದ್ದೆಯ ಬದುವಿನ ಮೇಲೆ ಓಡಿಯೇಬಿಟ್ಟನಂತೆ. ಆ ಗದ್ದಲದ ನಡುವೆ ದೇಚಮ್ಮ ಬೋಲ್ಟು ಎಳೆದಳು. ಬೆಳಕು ಬಂತು. ನಾನು ಹೊರಗೆ ಜಾರಿ ಅವಳ ಅಂಗೈಗೆ ಬಿದ್ದೆ. ಬಿಸಿಯಿದ್ದೆ. ಅವಳು ನನ್ನನ್ನು ಬೆರಳಿಂದ ಬೆರಳಿಗೆ ಆಡಿಸಿ ಆರಿಸಿದಳು. ಆಮೇಲೆ ಬಲಗೈಯನ್ನು ಹೆಗಲಿನಿಂದ ನೇರವಾಗಿ ಚಾಚಿ, ನನ್ನನ್ನು ಮಾವನ ಮುಂದೆ ಹಿಡಿದಳು.

"ಮಾವ," ಎಂದಳು, "ಇದನ್ನು ಇನ್ನೊಮ್ಮೆ ತುಂಬಿಕೊಡಿ."